ಪರಮಾಣು ಆಸಿಲೇಟರ್ ಜಾರದಂತೆ ನೋಡಿಕೊಳ್ಳುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಪರಮಾಣುವಿನ ಆವರ್ತನವನ್ನು ಆಧಾರವಾಗಿಟ್ಟುಕೊಂಡು ಸ್ಥಿರ ಸಿಗ್ನಲ್ ಕೊಡುವ ಯಂತ್ರವೇ ಪರಮಾಣು ಆಸಿಲೇಟರ್. ಆ ಸಿಗ್ನಲ್‌ನ ಆವರ್ತನ ದಿನ ಕಳೆದಂತೆ ಮೆಲ್ಲಗೆ ಸರಿಯುವುದೇ ಜಾರುವಿಕೆ. ರುಬಿಡಿಯಂ ಪರಮಾಣು ಬಳಸುವ ಯೂನಿಟ್ ಒಂದನ್ನು ತಂದು, ಎರಡು ವಾರ ಓಡಿಸಿ, ಗ್ರಾಫ್ ನೋಡಿ ತಲೆ ಕೆರೆದುಕೊಂಡವರು ಕೇಳುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಉತ್ತರಗಳು ಜಾಸ್ತಿ ರುಬಿಡಿಯಂ ಸುತ್ತಲೇ ಇವೆ, ಯಾಕೆಂದರೆ ಹೆಚ್ಚಿನವರ ಕೈಗೆ ಸಿಗುವುದು ಅದೇ.

## ಶುರುವಿನವು

ಪರಮಾಣು ಬದಲಾಗೋದೇ ಇಲ್ಲ ಅಂತೀರಿ. ಮತ್ತೆ ಆಸಿಲೇಟರ್ ಯಾಕೆ ಜಾರುತ್ತೆ?

ಪರಮಾಣು ಜಾರುವುದಿಲ್ಲ. ಅದರ ಸುತ್ತ ನಾವು ಕಟ್ಟಿದ್ದು ಜಾರುತ್ತದೆ. ರುಬಿಡಿಯಂ-87 ಯಾರ ಕಾಟವೂ ಇಲ್ಲದೆ ಒಂಟಿಯಾಗಿದ್ದರೆ ಅದರ ಆವರ್ತನ ಸುಮಾರು 6,834,682,610.9 ಹರ್ಟ್ಸ್. ಇವತ್ತೂ ಅಷ್ಟೇ, ನೂರು ವರ್ಷ ಬಿಟ್ಟು ನೋಡಿದರೂ ಅಷ್ಟೇ. ಆದರೆ ಪೆಟ್ಟಿಗೆಯೊಳಗೆ ಅದು ಒಂಟಿಯಾಗಿಲ್ಲ. ಗಾಜಿನ ಸೆಲ್‌ನಲ್ಲಿ ಬೇರೆ ಅನಿಲದ ಜೊತೆ ಕೂಡಿಹಾಕಿ, ಬಿಸಿ ಮಾಡಿ, ದೀಪದ ಬೆಳಕು ಬಿಟ್ಟು, ಕಾಂತಕ್ಷೇತ್ರದಲ್ಲಿಟ್ಟು, ಮೈಕ್ರೋವೇವ್‌ನಿಂದ ಮಾತಾಡಿಸುತ್ತೇವೆ. ಇದರಲ್ಲಿ ಒಂದೊಂದೂ ಆ ಸಂಖ್ಯೆಯನ್ನು ಚೂರು ತಳ್ಳುತ್ತದೆ. ತಳ್ಳುವುದು ತೊಂದರೆಯಲ್ಲ. ಎಷ್ಟು ತಳ್ಳುತ್ತದೆ ಅನ್ನುವುದು ತಿಂಗಳು ಕಳೆದಂತೆ ಬದಲಾಗುತ್ತದಲ್ಲ, ಅದು ತೊಂದರೆ.

ಇನ್ನೊಂದು ವಿಷಯ. ಹೊರಗೆ ಬರುವ 10 ಮೆಗಾಹರ್ಟ್ಸ್ ಪರಮಾಣುವಿನದ್ದಲ್ಲ, ಕ್ವಾರ್ಟ್ಜ್ ಹರಳಿನದ್ದು. ಪರಮಾಣು ಪಕ್ಕದಲ್ಲಿ ಕೂತು ಆ ಹರಳಿನ ಕಿವಿ ಹಿಂಡುತ್ತಿರುತ್ತದೆ, ಅಷ್ಟೇ.

ನಿಖರತೆ, ಸ್ಥಿರತೆ ಎರಡೂ ಒಂದೇ ಅಲ್ವಾ?

ಅಲ್ಲ. ದಿನಾ ಸರಿಯಾಗಿ ಐದೇ ನಿಮಿಷ ಮುಂದೆ ಹೋಗುವ ಗಡಿಯಾರ ಸ್ಥಿರ, ಆದರೆ ನಿಖರ ಅಲ್ಲ. ಅದನ್ನು ಒಮ್ಮೆ ತಿದ್ದಿದರೆ ಮುಗಿಯಿತು. ಒಂದು ದಿನ ಎರಡು ಸೆಕೆಂಡ್ ಮುಂದೆ, ಮರುದಿನ ಮೂರು ಸೆಕೆಂಡ್ ಹಿಂದೆ ಹೋಗುವ ಗಡಿಯಾರವನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ. ಈ ಪುಟ ಪೂರ್ತಿ ಸ್ಥಿರತೆಯ ಬಗ್ಗೆ. ಅದರಲ್ಲೂ ದಿನ, ವಾರ, ತಿಂಗಳುಗಳ ಲೆಕ್ಕದ ಸ್ಥಿರತೆ.

10⁻¹¹ ಅಂದ್ರೆ ನಿಜವಾಗಿ ಎಷ್ಟು? ತಲೆಗೆ ಹೋಗಲ್ಲ.

ಸಮಯಕ್ಕೆ ತಿರುಗಿಸಿ ನೋಡಿ. ಆವರ್ತನದಲ್ಲಿ 10⁻¹¹ರಷ್ಟು ತಪ್ಪಿದ್ದರೆ ದಿನಕ್ಕೆ 0.86 ಮೈಕ್ರೋಸೆಕೆಂಡ್ ವ್ಯತ್ಯಾಸ. 10⁻¹² ಆದರೆ 86 ನ್ಯಾನೋಸೆಕೆಂಡ್. ಇದು ಸುಲಭ, ದಿನ ಹೆಚ್ಚಾದ ಹಾಗೆ ನೇರವಾಗಿ ಕೂಡುತ್ತಾ ಹೋಗುತ್ತದೆ.

ಜಾರುವಿಕೆ ಹಾಗಲ್ಲ, ಅದು ದಿನದ ವರ್ಗದಂತೆ ಬೆಳೆಯುತ್ತದೆ. ಆವರ್ತನ ದಿನಕ್ಕೆ 10⁻¹²ರಷ್ಟು ಜಾರುತ್ತಿದೆ ಅಂದುಕೊಳ್ಳಿ. ಹತ್ತು ದಿನಕ್ಕೆ ಆಗುವ ಸಮಯದ ತಪ್ಪು 4.3 ಮೈಕ್ರೋಸೆಕೆಂಡ್. ನೂರು ದಿನಕ್ಕೆ 43 ಅಲ್ಲ, 432. ಮೊದಲ ವಾರ ಗ್ರಾಫ್ ನೋಡಿ «ಪರವಾಗಿಲ್ವೇ» ಅಂದವರು ಮೂರನೇ ತಿಂಗಳು ಬೆಚ್ಚುವುದು ಇದಕ್ಕೇ.

ರುಬಿಡಿಯಂ, ಸೀಸಿಯಂ, ಹೈಡ್ರೋಜನ್ ಮೇಸರ್. ದೀರ್ಘಾವಧಿಗೆ ಯಾವುದು ಒಳ್ಳೇದು?

ಸೀಸಿಯಂ. 1955ರಲ್ಲಿ ಲೂಯಿ ಎಸೆನ್ ಮತ್ತು ಜಾಕ್ ಪ್ಯಾರಿ ಇಂಗ್ಲೆಂಡಿನ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಓಡಿಸಿದ್ದು ಇದನ್ನೇ. 1967ರಲ್ಲಿ ಸೆಕೆಂಡಿನ ವ್ಯಾಖ್ಯೆಯೇ ಇದರ 9,192,631,770 ಕಂಪನಗಳಿಗೆ ಅಂಟಿಕೊಂಡಿತು. ಸೀಸಿಯಂ ಬೀಮ್ ಟ್ಯೂಬಿನಲ್ಲಿ ಪರಮಾಣುಗಳು ನಿರ್ವಾತದಲ್ಲಿ ಹಾರಿ ಹೋಗುತ್ತವೆ. ಗೋಡೆ ಮುಟ್ಟುವುದಿಲ್ಲ, ಬೇರೆ ಅನಿಲಕ್ಕೆ ಡಿಕ್ಕಿ ಹೊಡೆಯುವುದಿಲ್ಲ. ಹಾಗಾಗಿ ಜಾರುವಿಕೆ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಟ್ಯೂಬಿನೊಳಗಿನ ಸೀಸಿಯಂ ಖರ್ಚಾಗುತ್ತಾ ಹೋಗುತ್ತದೆ. ಕೆಲವು ವರ್ಷಕ್ಕೆ ಟ್ಯೂಬ್ ಬದಲಿಸಬೇಕು, ಅದೇ ಅದರಲ್ಲಿ ದುಬಾರಿ ಭಾಗ.

ಹೈಡ್ರೋಜನ್ ಮೇಸರ್ (ಹೈಡ್ರೋಜನ್ ಪರಮಾಣುಗಳೇ ಮೈಕ್ರೋವೇವ್ ಹೊರಸೂಸುವ ಗಡಿಯಾರ) ಗಂಟೆಯಿಂದ ಒಂದು ದಿನದವರೆಗೆ ರಾಜ. ಅಲ್ಲಿಂದ ಮುಂದೆ ಅದರ ಕ್ಯಾವಿಟಿ, ಅಂದರೆ ಮೈಕ್ರೋವೇವ್ ಅನುರಣಿಸುವ ಪೊಳ್ಳು ಡಬ್ಬಿ, ಕೂದಲೆಳೆಗಿಂತ ಎಷ್ಟೋ ಕಡಿಮೆ ಅಳತೆ ಬದಲಿಸಿದರೂ ಆವರ್ತನ ಎಳೆದುಕೊಂಡು ಹೋಗುತ್ತದೆ. ಒಳ್ಳೆಯ ಮೇಸರ್‌ಗಳಲ್ಲಿ ಕ್ಯಾವಿಟಿಯನ್ನು ತಾನೇ ಶ್ರುತಿ ಮಾಡಿಕೊಳ್ಳುವ ಸರ್ಕ್ಯೂಟ್ ಇರುವುದು ಅದಕ್ಕೇ.

ರುಬಿಡಿಯಂ ಸಣ್ಣದು, ಅಗ್ಗ. ಒಂದು ಸೆಕೆಂಡಿನಿಂದ ಕೆಲವು ಗಂಟೆವರೆಗೆ ಚೆನ್ನಾಗಿ ನಿಲ್ಲುತ್ತದೆ. ತಿಂಗಳಿಗೆ 10⁻¹¹ರ ಲೆಕ್ಕದಲ್ಲಿ ಜಾರುತ್ತದೆ. ಈ ಪುಟದ ತಲೆನೋವೇ ಅದು.

ಆನ್ ಮಾಡಿ ಎಷ್ಟು ಹೊತ್ತು ಬಿಡಬೇಕು? ರಾತ್ರಿ ಆಫ್ ಮಾಡಬಹುದಾ?

ಲಾಕ್ ಆಗಲು, ಅಂದರೆ ಹರಳು ಪರಮಾಣುವಿನ ಹಿಡಿತಕ್ಕೆ ಬರಲು, ಕೆಲವು ನಿಮಿಷ ಸಾಕು. ಲಾಕ್ ಆಯಿತು ಅಂದರೆ ಕೆಲಸ ಶುರುವಾಯಿತು ಅಂತ ಮಾತ್ರ ಅರ್ಥ. ಸುಮಾರು ಕೂರಲು ಒಂದು ದಿನ ಬೇಕು, ನಿಜವಾದ ಜಾರುವಿಕೆ ಕಾಣಲು ವಾರಗಳೇ ಬೇಕು.

ರಾತ್ರಿ ಆಫ್ ಮಾಡಬೇಡಿ. ಪ್ರತಿ ಸಲ ಆರಿಸಿ ಹೊತ್ತಿಸಿದಾಗ ಅದು ಹಳೆಯ ಜಾಗಕ್ಕೆ ಸರಿಯಾಗಿ ವಾಪಸ್ ಬರುವುದಿಲ್ಲ, ಪಕ್ಕದಲ್ಲೆಲ್ಲೋ ಕೂರುತ್ತದೆ. ಅಲ್ಲಿಯವರೆಗೆ ನೀವು ಕಲಿತ ಜಾರುವಿಕೆಯ ಲೆಕ್ಕವೆಲ್ಲ ವ್ಯರ್ಥ. ಮೊದಲು ಒಂದು ಯುಪಿಎಸ್ ಹಾಕಿಸಿ, ಬೇರೆ ಸುಧಾರಣೆ ಆಮೇಲೆ.

## ಪೆಟ್ಟಿಗೆಯೊಳಗೆ, ಪೆಟ್ಟಿಗೆಯ ಸುತ್ತ

ರುಬಿಡಿಯಂ ಯೂನಿಟ್ ಒಳಗೆ ಅಸಲಿಗೆ ಏನು ಹಳೇದಾಗುತ್ತೆ?

ಮುಖ್ಯವಾಗಿ ಎರಡು, ಗಾಜಿನ ಸೆಲ್ ಮತ್ತು ದೀಪ.

ಸೆಲ್‌ನಲ್ಲಿ ರುಬಿಡಿಯಂ ಆವಿಯ ಜೊತೆ ನೈಟ್ರೋಜನ್, ಆರ್ಗಾನ್‌ನಂಥ ಅನಿಲ ತುಂಬಿರುತ್ತಾರೆ. ಪರಮಾಣುಗಳು ಗೋಡೆಗೆ ಹೋಗಿ ಬಡಿಯದಂತೆ ತಡೆಯುವುದು ಇದರ ಕೆಲಸ. ಆದರೆ ಈ ಅನಿಲದ ಡಿಕ್ಕಿಯೇ ಆವರ್ತನವನ್ನು ತಳ್ಳುತ್ತದೆ. ನೈಟ್ರೋಜನ್ ಮೇಲಕ್ಕೆ ಎಳೆದರೆ ಆರ್ಗಾನ್ ಕೆಳಕ್ಕೆ. ಉಷ್ಣತೆ ಏರಿದಾಗಲೂ ಇವೆರಡರ ವರ್ತನೆ ಎದುರುಬದುರು. ಹಾಗಾಗಿ ಸರಿಯಾದ ಪ್ರಮಾಣದಲ್ಲಿ ಬೆರೆಸಿದರೆ ಉಷ್ಣತೆಯ ಪರಿಣಾಮ ಬಹುಪಾಲು ಒಂದಕ್ಕೊಂದು ವಜಾ ಆಗುತ್ತದೆ. ನನಗೆ ಈ ಯಂತ್ರದಲ್ಲಿ ಅತಿ ಇಷ್ಟವಾದ ಜಾಣತನ ಇದು.

ಇಲ್ಲಿ ಹೀಲಿಯಂ ಕಳ್ಳನ ಹಾಗೆ ಬರುತ್ತದೆ. ಗಾಳಿಯಲ್ಲಿ ಅದು ಹತ್ತು ಲಕ್ಷಕ್ಕೆ ಐದು ಭಾಗ ಮಾತ್ರ. ಆದರೆ ಬಿಸಿ ಗಾಜಿನ ಮೂಲಕ ನಿಧಾನವಾಗಿ ಸೆಲ್ ಒಳಗೆ ನುಸುಳುತ್ತದೆ, ಆವರ್ತನವನ್ನು ಮೇಲಕ್ಕೆ ಎತ್ತುತ್ತದೆ. ಒಳಗಿನ ಒತ್ತಡ ಹೊರಗಿನ ಹೀಲಿಯಂ ಒತ್ತಡಕ್ಕೆ ಸಮ ಆಗುವವರೆಗೆ ಈ ಏರಿಕೆ ನಡೆಯುತ್ತದೆ. ಅಲ್ಯುಮಿನೋಸಿಲಿಕೇಟ್ ಗಾಜು ಬಳಸಿದರೆ ನುಸುಳುವಿಕೆ ತುಂಬ ಕಡಿಮೆ. ಹೀಲಿಯಂ ಬಲೂನು, ಹೀಲಿಯಂ ಸೋರುವ ಪ್ರಯೋಗಾಲಯ ಎರಡರಿಂದಲೂ ದೂರ ಇಡಿ. ತಮಾಷೆಗೆ ಹೇಳುತ್ತಿಲ್ಲ.

ಇನ್ನು ದೀಪ. ಸೆಲ್ ಮೇಲೆ ಬೀಳುವ ಬೆಳಕು ಪರಮಾಣುವಿನ ಶಕ್ತಿ ಮಟ್ಟಗಳನ್ನೇ ಚೂರು ಅಲುಗಿಸುತ್ತದೆ. ಇದಕ್ಕೆ ಲೈಟ್ ಶಿಫ್ಟ್ ಅನ್ನುತ್ತಾರೆ. ದೀಪ ವರ್ಷಗಳಲ್ಲಿ ಮಂಕಾದರೆ ತಳ್ಳುವಿಕೆಯೂ ಬದಲಾಗುತ್ತದೆ, ಆವರ್ತನ ಜಾರುತ್ತದೆ. ಮೈಕ್ರೋವೇವ್ ಶಕ್ತಿ ಬದಲಾದರೂ ಇಂಥದ್ದೇ ಕಥೆ.

ತುಂಬಾ ಬಿಸಿಯಾಗುತ್ತೆ. ಫ್ಯಾನ್ ಹಾಕ್ಲಾ, ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಇಡ್ಲಾ?

ಸುಮ್ನೆ ಎರಡರಲ್ಲಿ ಒಂದು ಮಾಡಿದರೆ ಎರಡೂ ತಪ್ಪು.

ಫ್ಯಾನ್ ನೇರ ಊದಿದರೆ ಕೋಣೆಯ ಪ್ರತಿಯೊಂದು ಏರಿಳಿತವೂ ತಳದ ತಟ್ಟೆಗೆ ತಕ್ಷಣ ಮುಟ್ಟುತ್ತದೆ. ಬಾಗಿಲು ತೆಗೆದದ್ದೂ ಗ್ರಾಫಿನಲ್ಲಿ ಕಾಣುತ್ತದೆ. ಥರ್ಮೋಕೋಲ್‌ನಲ್ಲಿ ಮುಚ್ಚಿಟ್ಟರೆ ಬಿಸಿ ಹೊರಗೆ ಹೋಗಲು ದಾರಿಯಿಲ್ಲ. ಸೆಲ್, ದೀಪಗಳನ್ನು ಒಂದೇ ಬಿಸಿಯಲ್ಲಿಡುವ ಒಳಗಿನ ಓವನ್‌ಗಳು ಸುತ್ತಲಿಗಿಂತ ಬಿಸಿಯಾಗಿದ್ದರೆ ಮಾತ್ರ ಹಿಡಿತದಲ್ಲಿರುತ್ತವೆ. ಸುತ್ತಲೂ ಅವುಗಳಷ್ಟೇ ಬಿಸಿಯಾದರೆ ಹೀಟರ್ ಪೂರ್ತಿ ಆಫ್ ಆಗಿ ಹಿಡಿತವೇ ಹೋಗುತ್ತದೆ.

ಸರಿಯಾದ ದಾರಿ: ಯೂನಿಟ್ಟನ್ನು ದಪ್ಪ ಅಲ್ಯುಮಿನಿಯಂ ತಟ್ಟೆಗೆ ಬಿಗಿಯಾಗಿ ಕೂರಿಸಿ, ಆ ತಟ್ಟೆಗೆ ಉಷ್ಣತೆ ಅಳೆಯುವ ಥರ್ಮಿಸ್ಟರ್ ಅಂಟಿಸಿ, ಅದರ ಮಾತು ಕೇಳಿ ಫ್ಯಾನಿನ ವೇಗ ಬದಲಿಸುವಂತೆ ಮಾಡಿ. ತಟ್ಟೆ ಕೋಣೆಗಿಂತ ಹತ್ತು ಹದಿನೈದು ಡಿಗ್ರಿ ಜಾಸ್ತಿ ಇರಲಿ, ಆದರೆ ಅಲ್ಲೇ ನಿಲ್ಲಲಿ. ಇಡೀ ಜೋಡಣೆಯನ್ನು ಗಾಳಿ ಸೀದಾ ಬಡಿಯದ ದೊಡ್ಡ ಪೆಟ್ಟಿಗೆಯೊಳಗೆ ಇಡಿ. ತಂಪು ಇರಬೇಕು ಅಂತಲ್ಲ, ಬದಲಾಗಬಾರದು ಅಂತ. ಒಂದು ಡಿಗ್ರಿ ಹೆಚ್ಚುಕಡಿಮೆ ಆದರೆ 10⁻¹²ರ ಲೆಕ್ಕದಲ್ಲಿ ಆವರ್ತನ ಅಲುಗುವ ಯೂನಿಟ್‌ಗಳೇ ಹೆಚ್ಚು.

ಮೇಜಿನ ಈ ತುದಿಯಿಂದ ಆ ತುದಿಗೆ ಇಟ್ಟೆ, ಆವರ್ತನ ಬದಲಾಯ್ತು. ಹಾಳಾಯ್ತಾ?

ಹಾಳಾಗಿಲ್ಲ, ಕಾಂತಕ್ಷೇತ್ರ ಬದಲಾಯಿತು. ನನಗೂ ಹೀಗಾಗಿದೆ. ಒಂದು ಭಾನುವಾರ ಮೇಜು ಒರೆಸಿ, ಯೂನಿಟ್ಟನ್ನು ಚಂದ ಕಾಣಲಿ ಅಂತ ತಿರುಗಿಸಿಟ್ಟೆ. ಮರುದಿನ ಗ್ರಾಫಿನಲ್ಲಿ ಮೆಟ್ಟಿಲಿನ ಹಾಗೆ ಒಂದು ಜಿಗಿತ. ದೀಪ ಹೋಯಿತು ಅಂತ ಎರಡು ದಿನ ಕೊರಗಿದೆ. ಕೊನೆಗೆ ನೋಡಿದರೆ ಯೂನಿಟ್ಟಿನ ಪಕ್ಕೆಗೆ ಒತ್ತಿಕೊಂಡು ಪವರ್ ಸಪ್ಲೈಯ ಟ್ರಾನ್ಸ್‌ಫಾರ್ಮರ್ ಕೂತಿತ್ತು. ಅರ್ಧ ಮೀಟರ್ ದೂರ ಸರಿಸಿದೆ, ಸರಿಯಾಯಿತು.

ಸೆಲ್ ಸುತ್ತ ಸಿ-ಫೀಲ್ಡ್ ಅನ್ನುವ ಸಣ್ಣ ಕಾಂತಕ್ಷೇತ್ರ ಬೇಕೇ ಬೇಕು. ಅದರಿಂದ ಆಗುವ ಬದಲಾವಣೆ ಕ್ಷೇತ್ರದ ವರ್ಗಕ್ಕೆ ತಕ್ಕಂತೆ ಇರುತ್ತದೆ: ರುಬಿಡಿಯಂಗೆ ಒಂದು ಗಾಸ್ ವರ್ಗಕ್ಕೆ ಸುಮಾರು 574 ಹರ್ಟ್ಸ್, ಸೀಸಿಯಂಗೆ ಸುಮಾರು 427. ವರ್ಗ ಇರುವುದರಿಂದ ಒಂದು ಸೂಕ್ಷ್ಮ ಇದೆ. ಸಿ-ಫೀಲ್ಡ್ ಎರಡು ಪಟ್ಟು ಮಾಡಿದರೆ ಹೊರಗಿನ ಕಾಂತದ ಕಾಟಕ್ಕೆ ಯೂನಿಟ್ ಎರಡು ಪಟ್ಟು ಬಗ್ಗುತ್ತದೆ. ಹಳೆಯ ಯೂನಿಟ್‌ಗಳಲ್ಲಿ ಆವರ್ತನ ತಿದ್ದುವ ಸ್ಕ್ರೂ ತಿರುಗಿಸುವುದು ಈ ಕ್ಷೇತ್ರವನ್ನೇ. ಹಾಗಾಗಿ ಸ್ಕ್ರೂವನ್ನು ಪೂರ್ತಿ ಮೇಲಕ್ಕೆ ತಿರುಗಿಸಿ ಇಡಬೇಡಿ. ಡಿಜಿಟಲ್ ಆಗಿ ತಿದ್ದುವ ಸೌಲಭ್ಯ ಇದ್ದರೆ ಅದನ್ನೇ ಬಳಸಿ.

ಮಳೆ ಮೋಡ ಬಂದಾಗ ಆವರ್ತನ ಅಲುಗುತ್ತೆ ಅಂತಾರೆ. ನಿಜಾನಾ?

ನಿಜ. ಗಾಳಿಯ ಒತ್ತಡ ಬದಲಾದರೆ ಸೆಲ್‌ನ ಗಾಜು ಚೂರೇ ಚೂರು ಬಾಗುತ್ತದೆ, ಒಳಗಿನ ಅನಿಲದ ಒತ್ತಡ ಬದಲಾಗುತ್ತದೆ. ಪರಿಣಾಮ ಒಂದು ಹೆಕ್ಟೋಪಾಸ್ಕಲ್‌ಗೆ 10⁻¹³ರ ಆಸುಪಾಸು. ಉಳಿದದ್ದೆಲ್ಲ ಸರಿ ಮಾಡಿದ ಮೇಲೆ ಯೋಚಿಸಿದರೆ ಸಾಕು. ಅಗ್ಗದ ಒತ್ತಡ ಸೆನ್ಸರ್ ಒಂದನ್ನು ಪಕ್ಕದಲ್ಲಿಟ್ಟು ದಾಖಲಿಸುತ್ತಿರಿ.

ಹಳೇ ಯೂನಿಟ್ ತಂದೆ, ಲಾಕ್ ಆಗ್ತಿಲ್ಲ. ಎಸೆಯೋದೇನಾ?

ತಡೆಯಿರಿ. ದೀಪದ ವೋಲ್ಟೇಜ್ ತೋರಿಸುವ ಪಿನ್ ಇದ್ದರೆ ಮೊದಲು ಅದನ್ನು ನೋಡಿ. ಎಷ್ಟೋ ಸಲ ದೀಪದೊಳಗಿನ ರುಬಿಡಿಯಂ ಬೆಳಕು ಹೊರಡುವ ಕಡೆಗೇ ಬಂದು ಗಾಜಿಗೆ ಕನ್ನಡಿಯಂತೆ ಮೆತ್ತಿಕೊಂಡಿರುತ್ತದೆ. ದೀಪ ಬಿಚ್ಚಿ, ಮೆತ್ತಿಕೊಂಡ ಕಡೆ ಹಾಟ್ ಏರ್ ಗನ್‌ನಿಂದ ಹದವಾಗಿ ಬಿಸಿ ಮಾಡಿದರೆ ಆ ಲೋಹ ಹಿಂದಕ್ಕೆ ಸರಿದು ದೀಪ ಮತ್ತೆ ಬೆಳಗುವುದುಂಟು. ಹೀಗೆ ಎದ್ದು ಕೂತ ಯೂನಿಟ್ಟನ್ನು ಒಂದು ತಿಂಗಳು ಓಡಿಸದೆ ಅದರ ಜಾರುವಿಕೆಯ ಬಗ್ಗೆ ಏನೂ ನಂಬಬೇಡಿ.

## ಅಳೆಯುವುದು

ನನ್ನ ಹತ್ರ ಆವರ್ತನ ಅಳೆಯೋ ಒಂದು ಕೌಂಟರ್ ಇದೆ. 10⁻¹³ ಹೇಗೆ ಕಾಣುತ್ತೆ?

ಆವರ್ತನ ಅಳೆಯಬೇಡಿ, ಸಮಯ ಅಳೆಯಿರಿ. ರುಬಿಡಿಯಂನಿಂದ ಸೆಕೆಂಡಿಗೊಂದು ಪಲ್ಸ್ ಮಾಡಿಕೊಳ್ಳಿ. ಜಿಪಿಎಸ್ ರಿಸೀವರ್‌ನಿಂದ ಬರುವ ಪಲ್ಸ್ ಜೊತೆ ಅದರ ಅಂತರ ಎಷ್ಟು ನ್ಯಾನೋಸೆಕೆಂಡ್ ಅಂತ ದಾಖಲಿಸುತ್ತಾ ಹೋಗಿ. ಜಿಪಿಎಸ್ ಪಲ್ಸ್ 10 ನ್ಯಾನೋಸೆಕೆಂಡ್ ಅತ್ತಿತ್ತ ಕುಣಿದರೂ ಪರವಾಗಿಲ್ಲ. ನೂರು ಸೆಕೆಂಡಿನಲ್ಲಿ ಆ ಕುಣಿತ 10⁻¹⁰ ಆಗಿ ಕಾಣುತ್ತದೆ, ಒಂದು ದಿನದಲ್ಲಿ ಅದೇ 10 ನ್ಯಾನೋಸೆಕೆಂಡ್ ಸುಮಾರು 1.2×10⁻¹³ ಆಗುತ್ತದೆ. ದುಬಾರಿ ಕೌಂಟರ್ ಬೇಕಾಗಿಲ್ಲ, ತಾಳ್ಮೆ ಬೇಕು.

ಅಲನ್ ಡೀವಿಯೇಷನ್ ಗ್ರಾಫ್ ಓದೋದು ಹೇಗೆ?

ಡೇವಿಡ್ ಅಲನ್ 1966ರಲ್ಲಿ ಕೊಟ್ಟ ಅಳತೆ ಇದು. ಸರಾಸರಿ ತೆಗೆಯುವ ಅವಧಿಯನ್ನು ಹೆಚ್ಚಿಸುತ್ತಾ ಹೋದರೆ ಆವರ್ತನ ಎಷ್ಟು ಅಲುಗುತ್ತದೆ ಅಂತ ತೋರಿಸುತ್ತದೆ. ಎರಡೂ ಅಕ್ಷ ಲಾಗ್. ಇಳಿಜಾರು ನೋಡುವುದು ಕಲಿತರೆ ಸಾಕು. ಎಡಗಡೆ ಕೆಳಕ್ಕೆ ಇಳಿಯುವ ಗೆರೆ ಬಿಳಿ ಗದ್ದಲದ್ದು (ಒಂದಕ್ಕೊಂದು ಸಂಬಂಧವಿಲ್ಲದ ಅಲುಗಾಟ), ಜಾಸ್ತಿ ಹೊತ್ತು ಸರಾಸರಿ ಮಾಡಿದಷ್ಟೂ ಅದು ತಗ್ಗುತ್ತದೆ. ಮಧ್ಯದ ಚಪ್ಪಟೆ ಜಾಗ ಯೂನಿಟ್ಟಿನ ನೆಲ, ಅದಕ್ಕಿಂತ ಕೆಳಗೆ ಹೋಗದು. ಬಲಗಡೆ ಮತ್ತೆ ಏರುತ್ತದಲ್ಲ, ನಮ್ಮ ಹೋರಾಟವೆಲ್ಲ ಅಲ್ಲಿ. ಆ ಏರಿಕೆ ಅವಧಿಗೆ ನೇರ ಅನುಪಾತದಲ್ಲಿದ್ದರೆ ಅದು ಶುದ್ಧ ಜಾರುವಿಕೆ, ಲೆಕ್ಕ ಹಾಕಿ ಕಳೆಯಬಹುದು. ಏರಿಕೆ ಅದಕ್ಕಿಂತ ಸೌಮ್ಯವಾಗಿದ್ದರೆ ಗೊತ್ತುಗುರಿಯಿಲ್ಲದ ಅಲೆದಾಟ, ಕಳೆಯಲು ಬರುವುದಿಲ್ಲ. ಹಡಮಾರ್ಡ್ ಡೀವಿಯೇಷನ್ ಹಾಕಿ ನೋಡಿದರೆ ನೇರ ಜಾರುವಿಕೆ ಲೆಕ್ಕದಿಂದ ಬಿದ್ದುಹೋಗಿ ಉಳಿದದ್ದು ಕಾಣುತ್ತದೆ.

ಗ್ರಾಫಲ್ಲಿ ದಿನಕ್ಕೊಂದು ಅಲೆ ಬರ್ತಿದೆ. ತಪ್ಪು ಯಾರದ್ದು, ರುಬಿಡಿಯಂದಾ ಜಿಪಿಎಸ್‌ದಾ?

ಅಲೆಯ ಅವಧಿಯನ್ನು ಎರಡು ಮೂರು ವಾರ ಹಿಡಿದು ನೋಡಿ. ಕೋಣೆಯ ಉಷ್ಣತೆ ಆದರೆ 24 ಗಂಟೆಯದ್ದು. ಆಂಟೆನಾ ಸುತ್ತಲಿನ ಗೋಡೆ, ಛಾವಣಿಗಳಿಂದ ಪ್ರತಿಫಲಿಸಿ ಬರುವ ಸಿಗ್ನಲ್ ಕಾರಣವಾದರೆ ಅಲೆ ದಿನಾ ಸುಮಾರು ನಾಲ್ಕು ನಿಮಿಷ ಬೇಗ ಬರುತ್ತದೆ. ಜಿಪಿಎಸ್ ಉಪಗ್ರಹಗಳು ಆಕಾಶದಲ್ಲಿ ಅದೇ ಜಾಗಕ್ಕೆ ಬರುವುದು ಸುಮಾರು 23 ಗಂಟೆ 56 ನಿಮಿಷಕ್ಕೊಮ್ಮೆ. ಮೂರು ವಾರಕ್ಕೆ ಒಂದೂಕಾಲು ಗಂಟೆಗೂ ಹೆಚ್ಚು ಸರಿದಿರುತ್ತದೆ, ಕಣ್ಣಿಗೇ ಕಾಣುತ್ತದೆ.

ಮೂರನೆಯ ಆರೋಪಿ ಅಯಾನುಗೋಳ, ಅಂದರೆ ಸಿಗ್ನಲ್ ಹಾದು ಬರುವ ವಿದ್ಯುದಾವೇಶದ ಮೇಲಿನ ವಾಯುಪದರ. ಅದೂ ಸೂರ್ಯನ ಜೊತೆ 24 ಗಂಟೆಗೇ ನಡೆಯುವುದರಿಂದ ಉಷ್ಣತೆಯ ಜೊತೆ ಬೆರೆತು ಮೋಸ ಮಾಡುತ್ತದೆ. ಎರಡು ಆವರ್ತನಗಳಲ್ಲಿ ಕೇಳುವ ರಿಸೀವರ್ ಹಾಕಿದರೆ ಅದರ ಪಾಲು ಬಹುತೇಕ ಕಳೆದುಹೋಗುತ್ತದೆ. ಆಮೇಲೂ ಅಲೆ ಉಳಿದಿದ್ದರೆ ಥರ್ಮಾಮೀಟರ್ ಕಡೆ ತಿರುಗಿ.

## ಜಿಪಿಎಸ್‌ಗೆ ಕಟ್ಟಿಹಾಕುವುದು

ಜಿಪಿಎಸ್‌ಗೆ ಲಾಕ್ ಮಾಡಿದ್ಮೇಲೆ ಮೊದಲಿಗಿಂತ ಕೆಟ್ಟದಾಯ್ತು. ಯಾಕೆ?

ಬಹುಶಃ ಆತುರದ ಲೂಪ್, ಅಂದರೆ ಜಿಪಿಎಸ್ ನೋಡಿ ಆಸಿಲೇಟರ್ ತಿದ್ದುವ ವ್ಯವಸ್ಥೆ ಅತಿ ಬೇಗ ತಿದ್ದುತ್ತಿದೆ. ಓವನ್‌ನಲ್ಲಿಟ್ಟ ಒಳ್ಳೆಯ ಕ್ವಾರ್ಟ್ಜ್ ಆಸಿಲೇಟರ್‌ಗೆ ಹೊಂದುವ ನೂರಿನ್ನೂರು ಸೆಕೆಂಡಿನ ಕಾಲಾವಧಿಯನ್ನೇ ರುಬಿಡಿಯಂಗೂ ಹಾಕಿದರೆ ಜಿಪಿಎಸ್‌ನ ಗದ್ದಲವನ್ನೆಲ್ಲ ಶುದ್ಧ ಆಸಿಲೇಟರ್ ಮೇಲೆ ಸುರಿದ ಹಾಗಾಗುತ್ತದೆ. ನಿಮ್ಮ ರುಬಿಡಿಯಂ ಮತ್ತು ಜಿಪಿಎಸ್‌ನ ಅಲನ್ ಗೆರೆಗಳು ಎಲ್ಲಿ ಒಂದನ್ನೊಂದು ದಾಟುತ್ತವೋ ಅಲ್ಲಿಗೆ ಲೂಪಿನ ಕಾಲಾವಧಿ ಇಡಿ. ಸಾಮಾನ್ಯ ರಿಸೀವರ್ ಜೊತೆ ಅದು ಕೆಲವು ಗಂಟೆಯಿಂದ ಒಂದು ದಿನದವರೆಗೆ ಬರುತ್ತದೆ. ಶುರುವಿನಲ್ಲಿ ಚುರುಕಾಗಿ ಹಿಡಿದು, ಆಮೇಲೆ ಮೆಲ್ಲಗೆ ಹಗ್ಗ ಸಡಿಲಿಸಿ.

ರಿಸೀವರ್‌ನ ಗರಗಸದ ಹಲ್ಲನ್ನೂ ಮರೆಯಬೇಡಿ. ತನ್ನ ಒಳಗಿನ ಗಡಿಯಾರದ ಅಂಚಿಗೆ ಮಾತ್ರ ಅದು ಪಲ್ಸ್ ಕೊಡಬಲ್ಲದು, ಹಾಗಾಗಿ ತಪ್ಪು ಹಲ್ಲುಹಲ್ಲಾಗಿ ಏರಿಳಿಯುತ್ತದೆ. ಟೈಮಿಂಗ್‌ಗೆಂದೇ ಮಾಡಿದ ರಿಸೀವರ್‌ಗಳು ಮುಂದಿನ ಪಲ್ಸ್ ಎಷ್ಟು ತಪ್ಪುತ್ತದೆ ಅಂತ ಸೀರಿಯಲ್ ಪೋರ್ಟಿನಲ್ಲಿ ಹೇಳುತ್ತವೆ. ಅದನ್ನು ಕಳೆದರೆ ಅರ್ಧ ಗದ್ದಲ ಪುಕ್ಕಟೆಯಾಗಿ ಹೋಗುತ್ತದೆ.

ಸಿಗ್ನಲ್ ಹೋದ್ರೆ ಎಷ್ಟು ದಿನ ಹಿಡ್ಕೊಳ್ಳುತ್ತೆ?

ಅಷ್ಟರವರೆಗೆ ಅದು ಏನು ಕಲಿತಿದೆ ಅನ್ನುವುದರ ಮೇಲೆ. ಕೊನೆಯ ತಿದ್ದುಪಡಿಯನ್ನು ಹಾಗೇ ಹಿಡಿದು ಕೂತರೆ ಜಾರುವಿಕೆ ವರ್ಗದಂತೆ ಬೆಳೆಯುತ್ತದೆ. ಹಿಂದಿನ ತಿಂಗಳ ತಿದ್ದುಪಡಿಗಳ ಇಳಿಜಾರನ್ನು ಲೆಕ್ಕ ಹಾಕಿ ಮುಂದಕ್ಕೂ ಅದೇ ದಾರಿಯಲ್ಲಿ ತಿದ್ದುತ್ತಾ ಹೋದರೆ ತಪ್ಪು ತುಂಬ ಕಡಿಮೆಯಾಗುತ್ತದೆ. ಉಷ್ಣತೆಯ ಗುಣಾಂಕವನ್ನೂ ಸೇರಿಸಬಹುದು. ಆದರೆ ಎರಡು ದಿನದ ದತ್ತಾಂಶಕ್ಕೆ ಜಾರುವಿಕೆ ಅಂಟಿಸಲು ಹೋಗಬೇಡಿ. ಗದ್ದಲವನ್ನೇ ಜಾರುವಿಕೆ ಅಂದುಕೊಂಡು ನೂರಾರು ನ್ಯಾನೋಸೆಕೆಂಡ್ ಉಲ್ಟಾ ಓಡಿಸಿದವರನ್ನು ನೋಡಿದ್ದೇನೆ.

## ಆಳಕ್ಕೆ ಇಳಿದವರಿಗೆ

ಮೂರು ರುಬಿಡಿಯಂ ಸರಾಸರಿ ಮಾಡಿದ್ರೆ ಸೀಸಿಯಂ ಆಗುತ್ತಾ?

ಆಗುವುದಿಲ್ಲ. ಸ್ವತಂತ್ರ ಗದ್ದಲ ಮಾತ್ರ ಸರಾಸರಿಯಲ್ಲಿ ಕಡಿಮೆಯಾಗುತ್ತದೆ, ಅದೂ ಮೂರರ ವರ್ಗಮೂಲದಷ್ಟು. ಮೂರೂ ಒಂದೇ ಕಡೆ ಜಾರುತ್ತಿದ್ದರೆ ಸರಾಸರಿಯೂ ಆ ಕಡೆಗೇ ಜಾರುತ್ತದೆ.

ಮೂರು ಇದ್ದರೆ ಬೇರೊಂದು ಲಾಭವಿದೆ. ಜೋಡಿ ಜೋಡಿಯಾಗಿ ಹೋಲಿಸಿ ಯಾರು ಎಷ್ಟು ಅಲುಗುತ್ತಿದ್ದಾರೆ ಅಂತ ಬೇರ್ಪಡಿಸಬಹುದು. ಇದಕ್ಕೆ ತ್ರೀ ಕಾರ್ನರ್ಡ್ ಹ್ಯಾಟ್ ಅನ್ನುತ್ತಾರೆ. ಲೆಕ್ಕದಲ್ಲಿ ಒಂದು ಯೂನಿಟ್ಟಿನ ವೇರಿಯನ್ಸ್ (ಅಲುಗಾಟದ ವರ್ಗದ ಅಳತೆ, ನಿಜದಲ್ಲಿ ಋಣ ಆಗಲಾರದ್ದು) ಋಣವಾಗಿ ಬಂದರೆ ಗಾಬರಿಯಾಗಬೇಡಿ. ದತ್ತಾಂಶ ಸಾಲದು, ಇಲ್ಲವೇ ಮೂರೂ ಒಂದೇ ಎಸಿಯ ಗಾಳಿಗೆ ಒಟ್ಟಿಗೆ ಅಲುಗುತ್ತಿವೆ ಅಂತ ಅರ್ಥ. ಅಂತರರಾಷ್ಟ್ರೀಯ ಪರಮಾಣು ಕಾಲ ಲೆಕ್ಕ ಹಾಕುವವರೂ ನೂರಾರು ಗಡಿಯಾರಗಳನ್ನು ಕೂಡಿಸುತ್ತಾರೆ. ಅವರು ಮೇಸರ್‌ಗಳ ಜಾರುವಿಕೆಯನ್ನು ಮೊದಲು ಅಂದಾಜಿಸಿ ಕಳೆದು, ನಂಬಿಕೆಗೆ ತಕ್ಕ ತೂಕ ಕೊಟ್ಟು ಕೂಡಿಸುತ್ತಾರೆ. ಅಷ್ಟೂ ಸಾಲದು ಅಂತ ಕೊನೆಗೆ, ತಂಪಾಗಿಸಿದ ಪರಮಾಣುಗಳನ್ನು ಮೇಲಕ್ಕೆ ಚಿಮ್ಮಿಸಿ ಅಳೆಯುವ ಸೀಸಿಯಂ ಫೌಂಟನ್‌ಗಳಿಂದ ತಿದ್ದುತ್ತಾರೆ.

ಲೈಟ್ ಶಿಫ್ಟ್‌ಗೆ ಶಾಶ್ವತ ಮದ್ದು ಇಲ್ವಾ?

ಇದೆ. ಬೆಳಕು ಮತ್ತು ಮೈಕ್ರೋವೇವ್ ಎರಡನ್ನೂ ಒಟ್ಟಿಗೆ ಬಿಡಬೇಡಿ. ಲೇಸರ್ ಹೊಡೆದು ಪರಮಾಣುಗಳನ್ನು ಸಿದ್ಧ ಮಾಡಿ, ಲೇಸರ್ ಆರಿಸಿ, ಕತ್ತಲಲ್ಲಿ ಎರಡು ಮೈಕ್ರೋವೇವ್ ಪಲ್ಸ್ ಕೊಟ್ಟು, ಮತ್ತೆ ಲೇಸರ್ ಹಚ್ಚಿ ಓದಿಕೊಳ್ಳಿ. ಪರಮಾಣು ತನ್ನ ಲೆಕ್ಕ ಇಡುವ ಹೊತ್ತಿನಲ್ಲಿ ಬೆಳಕೇ ಇಲ್ಲದ ಮೇಲೆ ಬೆಳಕಿನ ತಳ್ಳುವಿಕೆ ಎಲ್ಲಿಂದ ಬರಬೇಕು? ಚೂರು ಉಳಿಯುತ್ತದೆ, ಆದರೆ ದೀಪದ ಯೂನಿಟ್‌ಗೆ ಹೋಲಿಸಿದರೆ ಏನೂ ಅಲ್ಲ. ಪಲ್ಸ್‌ಗಳನ್ನು ಬೇರ್ಪಡಿಸುವ ಈ ಉಪಾಯ ನಾರ್ಮನ್ ರ‍್ಯಾಮ್ಸೆಯದ್ದು. 1989ರ ನೊಬೆಲ್ ಅವರಿಗೆ ಬಂದದ್ದಕ್ಕೆ ಇದೂ ಒಂದು ಕಾರಣ. ದೀಪ ಇರುವ ಯೂನಿಟ್ಟನ್ನು ಮನೆಯಲ್ಲಿ ಹೀಗೆ ಮಾರ್ಪಡಿಸಲು ಹೊರಡಬೇಡಿ, ಅದು ಹೊಸ ಯಂತ್ರವನ್ನೇ ಕಟ್ಟಿದ ಹಾಗೆ.

ಗೋಡೆ, ಅನಿಲ ಎರಡೂ ಬೇಡ ಅಂದ್ರೆ?

ಅಯಾನುಗಳನ್ನು ವಿದ್ಯುತ್ ಕ್ಷೇತ್ರದ ಬಲೆಯಲ್ಲಿ ತೇಲಿಸಿ ಹಿಡಿಯಬೇಕು. ನಾಸಾ 2019ರಲ್ಲಿ ಕಳಿಸಿದ ಡೀಪ್ ಸ್ಪೇಸ್ ಅಟಾಮಿಕ್ ಕ್ಲಾಕ್ ಹೀಗೆ ಪಾದರಸದ ಅಯಾನುಗಳನ್ನು ಬಳಸಿತು. ಭೂಮಿಯ ಸುತ್ತ ತಿರುಗುತ್ತಲೇ ಅದರ ಜಾರುವಿಕೆ ದಿನಕ್ಕೆ ಸುಮಾರು 3×10⁻¹⁶ ಇತ್ತು. ನಮ್ಮ ರುಬಿಡಿಯಂ ಒಂದು ದಿನದಲ್ಲಿ ಜಾರುವಷ್ಟು ಜಾರಲು ಅದಕ್ಕೆ ವರ್ಷಗಳೇ ಬೇಕು.

ಎಲ್ಲಾ ಸರಿ ಮಾಡಿದ್ಮೇಲೂ ಉಳಿಯೋ ತಪ್ಪು ಯಾವುದು?

ಎತ್ತರ. ಸಾಪೇಕ್ಷತೆಯ ಪ್ರಕಾರ ಒಂದು ಮೀಟರ್ ಮೇಲಿಟ್ಟ ಗಡಿಯಾರ 1.1×10⁻¹⁶ರಷ್ಟು ವೇಗವಾಗಿ ಓಡುತ್ತದೆ. ಒಂದು ಕಿಲೋಮೀಟರ್‌ಗೆ 1.1×10⁻¹³. ರುಬಿಡಿಯಂ ಇಟ್ಟುಕೊಂಡವರಿಗೆ ಇದು ಲೆಕ್ಕಕ್ಕೇ ಇಲ್ಲ. ಸ್ಟ್ರಾನ್ಷಿಯಂ ಆಪ್ಟಿಕಲ್ ಗಡಿಯಾರಗಳು 10⁻¹⁸ರ ಮಟ್ಟಕ್ಕೆ ಹೋಗಿವೆ. ಅಲ್ಲಿ ಒಂದು ಸೆಂಟಿಮೀಟರ್ ಎತ್ತಿಟ್ಟರೂ ಗೊತ್ತಾಗುತ್ತದೆ. ಇದು ಗಡಿಯಾರದ ತಪ್ಪೇ ಅಲ್ಲ, ಆ ಜಾಗದಲ್ಲಿ ಕಾಲವೇ ಹಾಗೆ ನಡೆಯುತ್ತದೆ. ಹಾಗಾಗಿ ಅಷ್ಟು ಸೂಕ್ಷ್ಮ ಗಡಿಯಾರಗಳನ್ನು ಹೋಲಿಸುವವರು ಮೊದಲು ಎರಡರ ಎತ್ತರವನ್ನು ಸರ್ವೆ ಮಾಡಿಸಿಕೊಂಡು ಬರುತ್ತಾರೆ.